ಕಬ್ಬನ್ ಪಾರ್ಕಿನ ಹೊಳೆಮತ್ತಿ 37 ಮೀಟರ್ ಎತ್ತರವೇ? ಅಳೆಯಲು ಬಲ್ಲವರು ಹೇಳಿ

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ಕಬ್ಬನ್ ಪಾರ್ಕಿನಲ್ಲಿ ಒಂದು ಹೊಳೆಮತ್ತಿ, ಅಂದರೆ ಅರ್ಜುನ ಮರ, ಇದೆ. ಎರಡು ವರ್ಷದಿಂದ ದಿನಾ ಬೆಳಗ್ಗೆ ಅದರ ಪಕ್ಕದಲ್ಲೇ ನಡೆದು ಹೋಗುತ್ತಿದ್ದೆ, ಒಂದು ದಿನವೂ ಕತ್ತೆತ್ತಿ ನೋಡಿರಲಿಲ್ಲ. ಹೋದ ವಾರ ಹದ್ದೊಂದು ಕಡ್ಡಿ ಕಚ್ಚಿಕೊಂಡು ಅದರ ನೆತ್ತಿಗೆ ಹೋಗಿ ಕೂತಿತು. ಆ ಹದ್ದು ಎಷ್ಟು ಸಣ್ಣದಾಗಿ ಕಾಣಿಸಿತು ಅಂದರೆ, ಆಗಲೇ ನನಗೆ ಮರ ಎಷ್ಟು ಎತ್ತರ ಇದೆ ಅನ್ನುವುದು ಹೊಳೆದದ್ದು.

ನಾನು ಶ್ರೀರಂಗಪಟ್ಟಣದ ಕಡೆಯವನು. ಕಾವೇರಿ ದಂಡೆಯಲ್ಲಿ ಹೊಳೆಮತ್ತಿಗಳ ಬೇರು ಹಿಡಿದುಕೊಂಡೇ ಈಜು ಕಲಿತವನು. ಊರಿನಲ್ಲಿ ಹೊಳೆಯ ಕಡೆಗೆ ಬಾಗಿ ಬೆಳೆಯುವ ಈ ಮರ ಇಲ್ಲಿ ನೇರ ಮೇಲಕ್ಕೆ ಹೋಗಿದೆ. ಹಾಗಾಗಿ ಅಳೆಯಲೇಬೇಕು ಅನ್ನಿಸಿತು.

ಬುಡದಿಂದ ಟೇಪು ಹಿಡಿದು 30 ಮೀಟರ್ ದೂರಕ್ಕೆ ಹೋಗಿ, ಮೊಬೈಲಿನಲ್ಲಿ ಕೋನ ತೋರಿಸುವ ಆಪ್ ಹಾಕಿ ನೆತ್ತಿಗೆ ಗುರಿ ಇಟ್ಟೆ. 50 ಡಿಗ್ರಿ ಬಂತು. 50 ಡಿಗ್ರಿಗೆ ಟ್ಯಾನ್ ಬೆಲೆ 1.1918. ಅದನ್ನು 30ರಿಂದ ಗುಣಿಸಿದರೆ 35.75. ನನ್ನ ಕಣ್ಣಿನ ಎತ್ತರ 1.5 ಮೀಟರ್ ಸೇರಿಸಿದರೆ 37.25 ಮೀಟರ್. ಅಂದರೆ 122 ಅಡಿ!

ಬೆಂಗಳೂರಿನ ದೇಸಿ ಮರಗಳಲ್ಲಿ ಇದಕ್ಕಿಂತ ಎತ್ತರದ್ದು ಯಾರಾದರೂ ನೋಡಿದ್ದೀರಾ?

ಮಲ್ಲೇಶ್ವರದ ಅಜ್ಜಿ

ನೋಡಿಲ್ಲಪ್ಪ, ಆದರೆ ಓದಿ ತುಂಬಾ ಖುಷಿಯಾಯಿತು. ಇಷ್ಟು ದೊಡ್ಡ ಮರ ಅಂದರೆ ಐನೂರು ವರ್ಷವಾದರೂ ಆಗಿರಬೇಕು. ಕೆಂಪೇಗೌಡರ ಕಾಲದ್ದೇ ಇರಬಹುದು.

ಹಳೇಬೆಂಗಳೂರು

ಅಜ್ಜಿ, ಅಷ್ಟು ಹಳೆಯದಿರಲಾರದು. ಆ ಪಾರ್ಕ್ ಆದದ್ದೇ 1870ರಲ್ಲಿ. ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಮಾಡಿಸಿದ್ದು. ಮೊದಲು ಅದಕ್ಕೆ ಮೀಡ್ಸ್ ಪಾರ್ಕ್ ಅಂತ ಹೆಸರಿತ್ತು, 100 ಎಕರೆ ಇತ್ತು. ಆಮೇಲೆ ಬೆಳೆಯುತ್ತಾ ಹೋಗಿ ಈಗ 300 ಎಕರೆ ಹತ್ತಿರ ಆಗಿದೆ. ಅಲ್ಲಿನ ಮರಗಳಲ್ಲಿ ಹೆಚ್ಚಿನವು ಆಮೇಲೆ ನೆಟ್ಟವು. ಎತ್ತರ ನೋಡಿ ವಯಸ್ಸು ಹೇಳಲು ಬರುವುದಿಲ್ಲ. ನೀರು ಸಿಕ್ಕಿದ ಹೊಳೆಮತ್ತಿ ಬೇಗ ಏರುತ್ತದೆ, ಬಂಡೆಯ ಮೇಲಿನ ಜಾಲಾರಿ ಅದೇ ವಯಸ್ಸಿಗೆ ಸೊಂಟದಷ್ಟು ದಪ್ಪವೂ ಆಗಿರುವುದಿಲ್ಲ.

ಸಂಕೋಲೆ (ನಿವೃತ್ತ ಸರ್ವೇಯರ್)

ಹೊಳೆದಂಡೆ ಅವರೇ, ನಿಮ್ಮ ಉತ್ಸಾಹ ಮೆಚ್ಚುವಂಥದ್ದು. ಆದರೆ 37 ಮೀಟರ್ ನಾನು ಒಪ್ಪುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ತಪ್ಪು ನಿಮ್ಮ ಗುಣಾಕಾರದಲ್ಲಿಲ್ಲ, ವಿಧಾನದಲ್ಲಿದೆ. ಈ ತಪ್ಪು ಮಾಡದವರು ಕಡಿಮೆ.

ನೀವು ಟೇಪು ಹಿಡಿದದ್ದು ಬುಡಕ್ಕೆ. ಗುರಿ ಇಟ್ಟದ್ದು ನೆತ್ತಿಗೆ. ನೆತ್ತಿ ಬುಡದ ನೇರ ಮೇಲೆಯೇ ಇದೆ ಅಂತ ನಿಮ್ಮ ಲೆಕ್ಕ ಒಪ್ಪಿಕೊಂಡುಬಿಟ್ಟಿದೆ. ತೆಂಗು, ಅಡಿಕೆ, ದೀಪದ ಕಂಬಕ್ಕೆ ಇದು ಸರಿ. ಹೊಳೆಮತ್ತಿಯಂಥ ಹರಡಿದ ಮರಕ್ಕೆ ಸರಿಯಾಗುವುದಿಲ್ಲ. ಕೆಳಗೆ ನಿಂತವನಿಗೆ ಎಲ್ಲಕ್ಕಿಂತ ಮೇಲೆ ಕಾಣುವುದು ಅವನ ಕಡೆಗೆ ಚಾಚಿದ ಕೊಂಬೆ. ನಿಜವಾದ ನೆತ್ತಿ ಅದರ ಹಿಂದೆ ಅಡಗಿರುತ್ತದೆ. ನೀವು ಗುರಿ ಇಟ್ಟ ಕೊಂಬೆ ನಿಮ್ಮ ಕಡೆಗೆ ಎಂಟು ಮೀಟರ್ ಚಾಚಿದ್ದರೆ ದೂರ 30 ಅಲ್ಲ, 22. ಆಗ ಅದೇ 50 ಡಿಗ್ರಿಗೆ ಎತ್ತರ 27.7 ಮೀಟರ್ ಅಷ್ಟೇ. ಹತ್ತು ಮೀಟರ್ ಹತ್ತಿರ ಗಾಳಿಯಲ್ಲಿ ಬಂದದ್ದು!

ನಾನು ಅಲ್ಲಿಗೆ ಹೋಗಿಲ್ಲ, ಮರ ನೋಡಿಲ್ಲ, ಆದ್ದರಿಂದ 27.7 ಅಂತಲೂ ಹೇಳುವುದಿಲ್ಲ. ಹೋಗಿ ನೋಡಬೇಕು.

ಗಣಿತದ ಮೇಷ್ಟ್ರು

ಸಂಕೋಲೆ ಸರ್ ಹೇಳಿದ್ದಕ್ಕೆ ಇನ್ನೊಂದಿಷ್ಟು ಸೇರಿಸುತ್ತೇನೆ, ಮಕ್ಕಳಿಗೆ ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಅದೇ ಕೊಂಬೆಯನ್ನು 30ರ ಬದಲು 60 ಮೀಟರ್ ದೂರದಿಂದ ನೋಡಿದ್ದರೆ ಕೋನ 27 ಡಿಗ್ರಿಯ ಆಸುಪಾಸಿಗೆ ಇಳಿಯುತ್ತಿತ್ತು, ಲೆಕ್ಕ 31.7 ಮೀಟರ್ ಹತ್ತಿರ ಬರುತ್ತಿತ್ತು. ದೂರ ಹೋದಷ್ಟೂ ತಪ್ಪು ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. 50 ಡಿಗ್ರಿಯ ಜಾಗದಲ್ಲಿ 51 ಅಂತ ಓದಿಬಿಟ್ಟರೆ, 30 ಮೀಟರ್ ದೂರದಲ್ಲಿ ಎತ್ತರ ಒಂದೇ ಸಲ 1.3 ಮೀಟರ್ ಹೆಚ್ಚುತ್ತದೆ. ಮೊಬೈಲನ್ನು ಕೈಯಲ್ಲಿ ಹಿಡಿದಾಗ ಒಂದು ಡಿಗ್ರಿ ಅಲುಗಾಡುವುದು ಏನೂ ದೊಡ್ಡದಲ್ಲ.

ಹೊಳೆದಂಡೆ

ಸರ್, ಮೇಷ್ಟ್ರೇ, ಇಬ್ಬರಿಗೂ ವಂದನೆ. ಮೊದಲು ಓದಿದಾಗ ಮನಸ್ಸು ಸ್ವಲ್ಪ ಮುದುಡಿತು, ನಿಜ. ರಾತ್ರಿ ಹಾಳೆಯ ಮೇಲೆ ಚಿತ್ರ ಬರೆದು ನೋಡಿದ ಮೇಲೆ ಅರ್ಥವಾಯಿತು. ಒಂದು ಪ್ರಶ್ನೆ: ಮರದ ಆ ಕಡೆಯಿಂದಲೂ ಅಳೆದು ಎರಡರ ಸರಾಸರಿ ತೆಗೆದರೆ ತಪ್ಪು ಸರಿಹೋಗುವುದಿಲ್ಲವೇ?

ಗಣಿತದ ಮೇಷ್ಟ್ರು

ಹೋಗುವುದಿಲ್ಲ. ಅದೇ ಕೊಂಬೆ ಆ ಕಡೆಯಿಂದ 38 ಮೀಟರ್ ದೂರದಲ್ಲಿರುತ್ತದೆ, ನಿಮ್ಮ ಲೆಕ್ಕ ಮಾತ್ರ 30 ಅಂತಲೇ ಹಿಡಿಯುತ್ತದೆ. ಆಗ 22.2 ಬರುತ್ತದೆ. 37.2 ಮತ್ತು 22.2ರ ಸರಾಸರಿ 29.7. ಇರುವುದು 27.7. ಎರಡು ಮೀಟರ್ ಇನ್ನೂ ಹೆಚ್ಚೇ. ಅದಕ್ಕಿಂತ ಮುಖ್ಯವಾಗಿ, ಆ ಕಡೆಯಿಂದ ನಿಮಗೆ ಅದೇ ಕೊಂಬೆ ಕಾಣುವುದೇ ಇಲ್ಲ, ಆ ಕಡೆಗೆ ಚಾಚಿದ ಬೇರೆಯದೇ ಕೊಂಬೆ ನೆತ್ತಿಯ ಹಾಗೆ ಕಾಣುತ್ತದೆ. ಎರಡು ಬೇರೆ ಬೇರೆ ಹುಸಿ ನೆತ್ತಿಗಳ ಸರಾಸರಿ ತೆಗೆದು ಏನು ಮಾಡುವುದು?

ಸಂಕೋಲೆ

ಸರಿಯಾದ ದಾರಿ ಹೀಗಿದೆ. ದೂರವನ್ನು ಬುಡಕ್ಕಲ್ಲ, ನೆತ್ತಿಗೇ ಅಳೆಯಬೇಕು. ಅದಕ್ಕೆ ಲೇಸರ್ ದೂರಮಾಪಕ ಬೇಕು. ಕಣ್ಣಿನಿಂದ ನೆತ್ತಿಯ ಚಿಗುರಿನವರೆಗಿನ ಓರೆ ದೂರ ಸಿಕ್ಕಿದರೆ ಅದನ್ನು ಆ ಕೋನದ ಸೈನ್‌ನಿಂದ ಗುಣಿಸಿ. ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ ಬರುತ್ತದೆ. ಬುಡಕ್ಕೂ ಹೀಗೆಯೇ ಮಾಡಿ ಎರಡನ್ನೂ ಕೂಡಿಸಿ. ನಿಮ್ಮ ಕಣ್ಣು ಬುಡಕ್ಕಿಂತ ತಗ್ಗಿನಲ್ಲಿದ್ದರೆ ಮಾತ್ರ ಕಳೆಯಬೇಕು. ನೆತ್ತಿ ಎಲ್ಲಿಗೇ ವಾಲಿರಲಿ, ಈ ಲೆಕ್ಕಕ್ಕೆ ಅದರ ಹಂಗಿಲ್ಲ.

ಟ್ಯಾನ್ ವಿಧಾನದಲ್ಲಿ ಆಗುವ ತಪ್ಪು ಹೆಚ್ಚಾಗಿ ಎತ್ತರವನ್ನು ಹೆಚ್ಚಿಸುತ್ತದೆ. ಸೈನ್ ವಿಧಾನದಲ್ಲಿ ನಿಜವಾದ ನೆತ್ತಿ ಕಣ್ತಪ್ಪಿದರೆ ಅಳತೆ ಸ್ವಲ್ಪ ಕಡಿಮೆ ಬರುತ್ತದೆ. ಹೆಚ್ಚು ಹೇಳಿ ಆಮೇಲೆ ಇಳಿಸುವುದಕ್ಕಿಂತ ಕಡಿಮೆ ಹೇಳಿ ಆಮೇಲೆ ಏರಿಸುವುದು ಮೇಲು.

ಲೇಸರ್ ನನ್ನ ಹತ್ತಿರ ಇದೆ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ರಸ್ತೆಯಲ್ಲೇ ನಿಂತು ನೋಡಬಹುದು. ಬೆಳಗ್ಗೆ ಆರೂವರೆಗೆ ಬರುತ್ತೀರಾ?

ಹೊಳೆದಂಡೆ

ಖಂಡಿತ ಬರುತ್ತೇನೆ ಸರ್.

ಬಸವನಗುಡಿ ಓದುಗ

ಎತ್ತರವೇ ಬೇಕಿದ್ದರೆ ಲಾಲ್‌ಬಾಗಿಗೆ ಬನ್ನಿ. ಅಲ್ಲಿ ಕ್ರಿಸ್‌ಮಸ್ ಮರ ಅಂತ ಎಲ್ಲರೂ ಕರೆಯುವ ಅರೌಕೇರಿಯಾಗಳು ಗೋಪುರದ ಹಾಗೆ ನಿಂತಿವೆ. ಅವುಗಳ ಮುಂದೆ ನಿಮ್ಮ ಹೊಳೆಮತ್ತಿ ಎಲ್ಲಿ?

ಹಳೇಬೆಂಗಳೂರು

ಅವು ನ್ಯೂ ಕ್ಯಾಲಿಡೋನಿಯಾ ಕಡೆಯಿಂದ ಬಂದವು. ಸೊಗಸಾದ ಮರಗಳೇ, ಅದರಲ್ಲಿ ಎರಡು ಮಾತಿಲ್ಲ. ಕುಕ್ ಪೈನ್ ಅನ್ನುವ ಆ ಜಾತಿಯ ಬಗ್ಗೆ 2017ರಲ್ಲಿ ಒಂದು ಅಧ್ಯಯನ ಬಂತು: ಜಗತ್ತಿನಲ್ಲಿ ಎಲ್ಲಿ ನೆಟ್ಟರೂ ಅದು ಸಮಭಾಜಕದ ಕಡೆಗೆ ವಾಲುತ್ತದೆ, ಸರಾಸರಿ ಎಂಟೂವರೆ ಡಿಗ್ರಿಯಷ್ಟು. ಅಂದರೆ ಇಲ್ಲಿ ದಕ್ಷಿಣಕ್ಕೆ. ಅದನ್ನೂ ಬುಡದಿಂದ ಟೇಪು ಹಿಡಿದು ಅಳೆದರೆ ಇದೇ ಕಥೆ. ದಕ್ಷಿಣಕ್ಕೆ ನಿಂತವನಿಗೆ ಹೆಚ್ಚು, ಉತ್ತರಕ್ಕೆ ನಿಂತವನಿಗೆ ಕಡಿಮೆ.

ಆದರೆ ಇವರು ಕೇಳಿದ್ದು ದೇಸಿ ಮರ. ಅದೇ ನನಗೆ ಹಿಡಿಸಿದ್ದು. ಈ ಊರಿನ ಎತ್ತರದ ಮರ ಯಾವುದು ಅಂತ ಕೇಳಿ ನೋಡಿ, ಜನ ಹೇಳುವುದೆಲ್ಲ ಸಿಲ್ವರ್ ಓಕ್, ನೀಲಗಿರಿ, ಅರೌಕೇರಿಯಾ. ಮೂರೂ ದಕ್ಷಿಣ ಗೋಳಾರ್ಧದವು. ಮಳೆಮರ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ನಾಗಲಿಂಗವೂ ದಕ್ಷಿಣ ಅಮೆರಿಕದ್ದೇ. ಹೊನ್ನೆ, ತಾರೆ, ನೇರಳೆ, ಕೆಂಪು ಬೂರುಗ ಎಷ್ಟು ಎತ್ತರ ಇವೆ ಅಂತ ಯಾರೂ ಕೇಳುವುದಿಲ್ಲ. ಅಂಥ ದೇಸಿ ಮರಗಳ ಎತ್ತರದ್ದೇ ಒಂದು ಪಟ್ಟಿ ಮಾಡೋಣ.

ತೋಪಿನಮನೆ

ದೇಸಿ ಅಂದರೆ ಯಾವುದು, ಅದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ನಮ್ಮೂರು ದೇವನಹಳ್ಳಿ ಪಕ್ಕ. ಗುಂಡುತೋಪಿನಲ್ಲಿ ಮಾವು, ಹಲಸು, ಹಿಪ್ಪೆ, ನೇರಳೆ, ಹುಣಸೆ. ಆ ಹುಣಸೆ ಮೂಲದಲ್ಲಿ ಆಫ್ರಿಕಾದ್ದಂತೆ! ನಮ್ಮ ಅಜ್ಜನ ಅಜ್ಜ ಅದರ ನೆರಳಲ್ಲಿ ಎತ್ತು ಕಟ್ಟಿದವರು. ಸಾರಿಗೆ ಹುಣಸೆ ಇಲ್ಲದೆ ಕನ್ನಡಿಗರ ಮನೆ ಉಂಟೇ? ಅದನ್ನು ಪರದೇಶಿ ಅಂತ ಪಟ್ಟಿಯಿಂದ ಕೈಬಿಡುತ್ತೀರಾ?

ಹಳೇಬೆಂಗಳೂರು

ಪಟ್ಟಿಯಿಂದ ಕೈಬಿಡಬೇಕು, ಮನಸ್ಸಿನಿಂದ ಬಿಡಬೇಕಾಗಿಲ್ಲ. ಮನುಷ್ಯ ತಂದು ನೆಡದೆ, ಈ ನೆಲದಲ್ಲಿ ತಾನಾಗಿ ಬೆಳೆದ ಜಾತಿ ಅಂತ ಇಟ್ಟುಕೊಂಡರೆ ಗೊಂದಲ ಕಡಿಮೆ. ಹುಣಸೆಗೆ ಬೇಕಾದರೆ ಬೇರೆ ಪುಟ ಮಾಡೋಣ, ನಾನೇ ಬರೆದಿಡುತ್ತೇನೆ.

ಬೂರುಗದ ವಿಷಯದಲ್ಲೂ ಎಚ್ಚರ ಬೇಕು. ಲಾಲ್‌ಬಾಗಿನಲ್ಲಿ ಗೋಡೆಯಂಥ ಬೇರು ಬಿಟ್ಟುಕೊಂಡು ನಿಂತಿರುವ ಹಳೆಯದು ಬಿಳಿ ಬೂರುಗ, ಅದು ಹೊರಗಿನದು. ಕೆಂಪು ಹೂ ಬಿಡುವ ಮುಳ್ಳಿನ ಬೂರುಗ ನಮ್ಮದು. ಹೆಸರೊಂದೇ ಅಂತ ಎರಡನ್ನೂ ಒಂದೇ ಸಾಲಿಗೆ ಹಾಕಬಾರದು.

ತೋಪಿನಮನೆ

ಸರಿ, ಒಪ್ಪಿದೆ. ಆದರೆ ಹೊಳೆಮತ್ತಿ ಹೊಳೆ ಪಕ್ಕದ ಮರ. ಬೆಂಗಳೂರಿನಲ್ಲಿ ಹೊಳೆ ಎಲ್ಲಿದೆ?

ಹೊಳೆದಂಡೆ

ಬೆಂಗಳೂರಿನ ಪಶ್ಚಿಮ ಭಾಗದ ಹಳ್ಳಗಳು ಹರಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತವಲ್ಲ. ಕರ್ನಾಟಕದ ಹೊಳೆಗಳ ದಂಡೆಯ ಮರ ಅಂತ ಒಪ್ಪಿಕೊಳ್ಳಿ ಅಣ್ಣಾ. ಪಾರ್ಕಿನಲ್ಲಿ ಇದನ್ನು ಯಾರೋ ನೆಟ್ಟಿರಬಹುದು. ಆದರೆ ಜಾತಿ ಇಲ್ಲಿಯದೇ.

ಶಿರಸಿ ಹುಡುಗಿ

ನಾನು ಮಲೆನಾಡಿನವಳು, ಈಗ ಎಂಟು ವರ್ಷದಿಂದ ಬೆಂಗಳೂರು. ಊರಿನಲ್ಲಿ ಧೂಪದ ಮರ ನೋಡಿ ಬೆಳೆದವರಿಗೆ ಇಲ್ಲಿನ ಮರಗಳು ಗಿಡ್ಡ ಅನ್ನಿಸುವುದು ಸಹಜ. ಆದರೆ ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸುಮಾರು 970 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ದಟ್ಟ ಕಾಡಿನಲ್ಲಿ ಬೆಳಕಿಗಾಗಿ ಎಲ್ಲ ಮರಗಳೂ ಮೇಲಕ್ಕೇ ಹೋಗಬೇಕು, ಅಕ್ಕಪಕ್ಕ ಚಾಚಲು ಜಾಗವೇ ಇರುವುದಿಲ್ಲ. ಬಯಲಿನಲ್ಲಿ ಒಂಟಿಯಾಗಿ ನಿಂತ ಮರಕ್ಕೆ ಆ ಒತ್ತಡ ಇಲ್ಲ, ಅದು ಹರವಾಗುತ್ತದೆ. ಹಾಗಾಗಿ ಮಲೆನಾಡಿನ 35 ಮೀಟರಿಗಿಂತ ಬಯಲುಸೀಮೆಯ 25 ಮೀಟರ್ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ವಿಷಯ. ಬಲವಾದ ಅಳತೆ ಅಂದರೆ ಹತ್ತಿ, ನೆತ್ತಿಯಿಂದ ಟೇಪು ಇಳಿಬಿಡುವುದು. ಮಲೇಷ್ಯಾದ ಸಬಾದಲ್ಲಿ, ಡಾನಮ್ ಕಣಿವೆಯಲ್ಲಿ, ನಮ್ಮ ಧೂಪ, ಸಾಲ ಮರಗಳ ಬಳಗಕ್ಕೇ ಸೇರಿದ ಒಂದು ಮರವನ್ನು 2019ರಲ್ಲಿ ಹೀಗೆ ಅಳೆದರು. ಮೊದಲು ವಿಮಾನದಿಂದ ಲೇಸರ್ ಬಿಟ್ಟು ಪತ್ತೆ ಮಾಡಿದ್ದರು, ಕೊನೆಗೆ ಒಬ್ಬರು ಹತ್ತಿ ಟೇಪು ಇಳಿಬಿಟ್ಟಾಗ 100.8 ಮೀಟರ್ ಬಂತು. ಮೆನಾರಾ ಅಂತ ಅದಕ್ಕೆ ಹೆಸರು, ಮಲಯ ಭಾಷೆಯಲ್ಲಿ ಗೋಪುರ. ನಮ್ಮೂರ ಕೊನೆಗಾರರು ಅಡಿಕೆ ಮರದಿಂದ ಮರಕ್ಕೆ ಜಿಗಿಯುವುದು ನೋಡಿದವಳು ನಾನು, ಆದರೂ ಹೊಳೆಮತ್ತಿಗೆ ಯಾರನ್ನೂ ಹತ್ತಿಸಬೇಡಿ. ಡ್ರೋನ್ ವಿಚಾರವೂ ಬೇಡ. ಪಕ್ಕದಲ್ಲೇ ವಿಧಾನಸೌಧ, ಹೈಕೋರ್ಟ್ ಇವೆ, ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ.

ಹೊಸಬ

ನನ್ನ ಹತ್ತಿರ ಲೇಸರ್ ಇಲ್ಲ, ಕೊಳ್ಳುವ ಶಕ್ತಿಯೂ ಇಲ್ಲ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ದೊಡ್ಡ ನೇರಳೆ ಇದೆ. ಅದನ್ನು ಅಳೆಯಲು ಏನಾದರೂ ದಾರಿ ಇದೆಯೇ?

ಗಣಿತದ ಮೇಷ್ಟ್ರು

ಇದೆ. ಜಾಮಿಟ್ರಿ ಬಾಕ್ಸಿನ ಕೋನಮಾಪಕ ತೆಗೆದುಕೊಂಡು ಅದರ ನೇರ ಅಂಚಿಗೆ ಎಳನೀರು ಕುಡಿಯುವ ಸ್ಟ್ರಾ ಅಂಟಿಸಿ. ಅಂಚಿನ ನಡುಬಿಂದುವಿಗೆ ದಾರ ಕಟ್ಟಿ ಕೆಳಗೆ ಒಂದು ನಟ್ ತೂಗುಬಿಡಿ, ಮೇಸ್ತ್ರಿಗಳ ತೂಗುಗುಂಡಿನ ಹಾಗೆ. ಸ್ಟ್ರಾ ಮೂಲಕ ನೆತ್ತಿ ನೋಡಿ. ದಾರ ನಿಂತ ಕಡೆ ಜೊತೆಗಿದ್ದವರು ಬೆರಳಿನಿಂದ ಒತ್ತಿ ಹಿಡಿಯಲಿ. ದಾರ 50ರ ಗೆರೆಯ ಮೇಲಿದ್ದರೆ ನಿಮ್ಮ ಕೋನ 90ರಿಂದ 50 ಕಳೆದು 40. ಗಾಳಿ ಇದ್ದ ದಿನ ಮಾಡಬೇಡಿ, ನಟ್ ನಿಲ್ಲುವುದಿಲ್ಲ.

ಹುಸಿ ನೆತ್ತಿಯ ತೊಂದರೆಗೆ ಪರಿಹಾರ: ನಿಜವಾದ ನೆತ್ತಿ ಯಾವುದು ಅಂತ ಮೊದಲು ದೂರದಿಂದ, ನಾಲ್ಕೂ ಕಡೆ ಸುತ್ತಿ ಗುರುತು ಮಾಡಿಕೊಳ್ಳಿ. ಆಮೇಲೆ ಅದರ ನೇರ ಕೆಳಗೆ ನೆಲದ ಮೇಲೆ ಒಂದು ಕಲ್ಲಿಡಿ. ಇಬ್ಬರು ಬೇರೆ ಬೇರೆ ದಿಕ್ಕಿನಲ್ಲಿ ನಿಂತು ತೂಗುಗುಂಡು ಹಿಡಿದು ನೋಡಿದರೆ ಆ ಜಾಗ ಸಿಗುತ್ತದೆ. ಬುಡದಿಂದಲ್ಲ, ಆ ಕಲ್ಲಿನಿಂದ ಟೇಪು ಹಿಡಿಯಿರಿ. ಇಷ್ಟು ಮಾಡಿದರೆ ಟ್ಯಾನ್ ವಿಧಾನವೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನೆಲ ಇಳಿಜಾರಾಗಿದ್ದರೆ ಮೇಸ್ತ್ರಿಗಳು ಮಟ್ಟ ನೋಡಲು ಇಟ್ಟುಕೊಳ್ಳುವ ನೀರಿನ ಪೈಪು ಕೇಳಿ ತನ್ನಿ, ನೀವು ನಿಂತ ಜಾಗಕ್ಕೂ ಬುಡಕ್ಕೂ ಎಷ್ಟು ಏರಿಳಿತ ಅಂತ ತಿಳಿಯುತ್ತದೆ.

ಸಂಕೋಲೆ

ಸುತ್ತಳತೆಯನ್ನೂ ಮರೆಯಬೇಡಿ. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ ಹಿಡಿಯಬೇಕು, ನಮ್ಮ ಅರಣ್ಯದವರ ರೂಢಿ ಅದು. ಇಳಿಜಾರಿನಲ್ಲಿ ಮೇಲಿನ ಬದಿಯಿಂದ ಲೆಕ್ಕ. ಬುಡದಲ್ಲಿ ಬೇರು ಉಬ್ಬಿದ್ದರೆ ಆ ಉಬ್ಬು ಮುಗಿದ ಮೇಲೆ ಹಿಡಿದು, ಎಷ್ಟು ಎತ್ತರದಲ್ಲಿ ಹಿಡಿದಿರಿ ಅಂತ ಬರೆದಿಡಿ. ಟೈಲರ್ ಟೇಪು ಒಂದೂವರೆ ಮೀಟರಿಗೇ ಮುಗಿಯುತ್ತದೆ. ಹಗ್ಗ ಸುತ್ತಿ ಗಂಟು ಹಾಕಿ ಆಮೇಲೆ ಅಳೆದರೂ ಆದೀತು, ಆದರೆ ನೈಲಾನ್ ಹಗ್ಗ ಬೇಡ, ಎಳೆದರೆ ಹಿಗ್ಗುತ್ತದೆ.

ಹೊಳೆದಂಡೆ

ಭಾನುವಾರದ ವರದಿ.

ಸಂಕೋಲೆ ಸರ್, ಮೇಷ್ಟ್ರು, ಶಿರಸಿಯ ಅಕ್ಕ, ನಾನು, ನಾಲ್ವರು ಸೇರಿದ್ದೆವು. ಮೊದಲ ಮುಕ್ಕಾಲು ಗಂಟೆ ಯಾವ ಯಂತ್ರವನ್ನೂ ಹೊರಗೆ ತೆಗೆಯಲಿಲ್ಲ. ಸರ್ ನಮ್ಮನ್ನು ಮರದ ಸುತ್ತ ನಡೆಸಿದರು, ಅಷ್ಟೇ. ನಾನು ನೆತ್ತಿ ಅಂದುಕೊಂಡಿದ್ದ ಕೊಂಬೆ ನಿಜಕ್ಕೂ ರಸ್ತೆಯ ಕಡೆಗೆ ಚಾಚಿದ್ದೇ ಆಗಿತ್ತು. ನಿಜವಾದ ನೆತ್ತಿ ಯಾವುದು ಅಂತ ನಾವು ನಾಲ್ವರೂ ಬೇರೆ ಬೇರೆ ಕೈ ತೋರಿಸುತ್ತಿದ್ದಾಗ ಅಲ್ಲೇ ಎಲೆ ಗುಡಿಸುತ್ತಿದ್ದ ಮಾಲಿಯವರು ಪೊರಕೆ ನಿಲ್ಲಿಸಿ, "ಹದ್ದಿನ ಗೂಡಿದೆಯಲ್ಲ, ಅದರಿಂದ ಎಡಕ್ಕೆ ಒಣಗಿದ ಒಂದು ಕಡ್ಡಿ ಐತೆ, ಅದೇ ತುದಿ" ಅಂದರು. ದಿನಾ ನೋಡುವ ಕಣ್ಣು. ಅದೇ ಆಗಿತ್ತು.

ಲೇಸರ್ ಹಿಡಿದ ಮೇಲೂ ಸುಲಭವಾಗಲಿಲ್ಲ. ನಡುವೆ ಬರುವ ಎಲೆಗೆ ತಗುಲಿ 24 ಮೀಟರ್, 27 ಮೀಟರ್ ಅಂತ ಏನೇನೋ ತೋರಿಸುತ್ತಿತ್ತು. ಗಾಳಿ ನಿಂತು ಎಲೆಗಳ ನಡುವೆ ಕಿಂಡಿ ಆದಾಗ ಒತ್ತಬೇಕು. ಹತ್ತಾರು ಸಲ ಒತ್ತಿ, ಮತ್ತೆ ಮತ್ತೆ ಒಂದೇ ಅಂಕಿ ಬಂದದ್ದನ್ನು ಮಾತ್ರ ಬರೆದುಕೊಂಡೆವು. ಮೊದಲ ಜಾಗದಿಂದ ಓರೆ ದೂರ 38.6 ಮೀಟರ್, ಕೋನ 45.5 ಡಿಗ್ರಿ. ಸೈನ್ ಲೆಕ್ಕ ಹಾಕಿದರೆ 27.5. ಕಣ್ಣಿನ ಮಟ್ಟದಿಂದ ಬುಡಕ್ಕೆ 1.5. ಒಟ್ಟು 29.0 ಮೀಟರ್. ಇನ್ನೆರಡು ಜಾಗದಿಂದ 28.7 ಮತ್ತು 29.1 ಬಂತು.

ಸುತ್ತಳತೆ ಎದೆಮಟ್ಟದಲ್ಲಿ 3.42 ಮೀಟರ್. ಶಿರಸಿ ಅಕ್ಕ ಮತ್ತು ನಾನು ಎದುರುಬದುರು ನಿಂತು ತಬ್ಬಿಕೊಂಡೆವು, ಬೆರಳ ತುದಿ ತುದಿಗೆ ತಾಗಿತು. ಎರಡು ಮಾರು ಅಂತ ನಮ್ಮಜ್ಜಿ ಹೇಳುತ್ತಿದ್ದ ಲೆಕ್ಕ ಸರಿಯಾಗಿಯೇ ಇದೆ. ತೊಗಟೆ ನುಣುಪು, ಬೂದಿ ಬಣ್ಣ, ಅಲ್ಲಲ್ಲಿ ಹಾಳೆಯ ಹಾಗೆ ಎದ್ದು ಒಳಗೆ ತೆಳು ಗುಲಾಬಿ. ಕೆಳಗೆ ಐದು ರೆಕ್ಕೆಯ ಒಣಕಾಯಿಗಳು ಬಿದ್ದಿದ್ದವು. ಕರಿಮತ್ತಿ ಅಲ್ಲ, ಹೊಳೆಮತ್ತಿಯೇ, ಅನುಮಾನ ಬೇಡ. ಕರಿಮತ್ತಿಯ ತೊಗಟೆ ಮೊಸಳೆ ಬೆನ್ನಿನ ಹಾಗೆ ಸೀಳಿರುತ್ತದೆ.

37 ಹೋಗಿ 29 ಆಯಿತು. ಒಂದಿಷ್ಟೂ ನೋವಿಲ್ಲ. ಈಗ ಯಾರು ಕೇಳಿದರೂ 29 ಅಂತ ಗಟ್ಟಿಯಾಗಿ ಹೇಳಬಲ್ಲೆ.

ಮಲ್ಲೇಶ್ವರದ ಅಜ್ಜಿ

ಬೆಳಗ್ಗೆ ಎದ್ದು ಓದಿ ಕಣ್ಣು ತುಂಬಿತು ಮಗಾ. ಆ ಮಾಲಿಯವರಿಗೂ ಒಂದು ಲೋಟ ಕಾಫಿ ಕೊಡಿಸಿದಿರಿ ತಾನೇ?

ಶಿರಸಿ ಹುಡುಗಿ

ಕೊಡಿಸಿದೆವು ಅಜ್ಜಿ, ಅವರೇ ನಮಗೆ ಕೊಡಿಸಲು ಹೊರಟಿದ್ದರು.

ಆದರೆ ಒಂದು ಸಂಗತಿ ಅವರು ಬರೆದಿಲ್ಲ. ಮರದ ಹಿಂಬದಿಯಲ್ಲಿ ನನ್ನ ಭುಜದ ಎತ್ತರದವರೆಗೆ ತೊಗಟೆ ಕೆತ್ತಿದ ಗುರುತುಗಳಿವೆ. ಹೃದಯಕ್ಕೆ ಒಳ್ಳೆಯದು ಅಂತ ಅರ್ಜುನ ತೊಗಟೆ ಕಷಾಯ ಮಾಡುವವರು ಕೆತ್ತಿಕೊಂಡು ಹೋಗಿರಬೇಕು. ಹಳೆಯ ಗಾಯಗಳು ಅಂಚಿನಿಂದ ತುಟಿಯ ಹಾಗೆ ಮುಚ್ಚಿಕೊಳ್ಳುತ್ತಿವೆ. ಒಂದು ಮಾತ್ರ ತೀರಾ ಹೊಸದು, ಇನ್ನೂ ಒದ್ದೆಯಾಗಿತ್ತು, ಒಂದು ಗೇಣು ಅಗಲ. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲೇ. ಸುತ್ತಲೂ ಕೆತ್ತಿಬಿಟ್ಟರೆ ಬೇರು ಉಪವಾಸ ಬಿದ್ದು ಇಡೀ ಮರ ಸಾಯುತ್ತದೆ. ತೊಗಟೆ ಬೇಕಾದವರಿಗೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ದಯವಿಟ್ಟು ಅಲ್ಲಿಂದ ತನ್ನಿ.

ಹಾಗಾಗಿ ನನ್ನದೊಂದು ಕೋರಿಕೆ. ಎತ್ತರ, ಸುತ್ತಳತೆ ಎಲ್ಲ ಹಾಕೋಣ, ಮರ ಇರುವ ಜಾಗದ ಗುರುತು ಮಾತ್ರ ಇಲ್ಲಿ ಬಹಿರಂಗವಾಗಿ ಹಾಕುವುದು ಬೇಡ.

ಹಳೇಬೆಂಗಳೂರು

ನನಗೆ ಇದು ಒಪ್ಪಿಗೆಯಿಲ್ಲ. ಜನರಿಗೆ ಗೊತ್ತಿರುವ ಮರವನ್ನೇ ಜನ ಉಳಿಸಿಕೊಳ್ಳುವುದು. ರಸ್ತೆ ಅಗಲ ಮಾಡುವಾಗ ಹೆಸರಿಲ್ಲದ ಮರ ಮೊದಲು ಹೋಗುತ್ತದೆ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ನಿಜ. ಆದರೆ ಅನುಮತಿಗೆ ಆಕ್ಷೇಪಣೆ ಸಲ್ಲಿಸುವಾಗ "ಒಂದು ದೊಡ್ಡ ಮರ" ಅಂತ ಬರೆಯುವುದಕ್ಕೂ "29 ಮೀಟರ್ ಎತ್ತರ, 3.42 ಮೀಟರ್ ಸುತ್ತಳತೆಯ ಹೊಳೆಮತ್ತಿ, ಇಂಥ ದಿನ ಅಳೆದದ್ದು" ಅಂತ ಬರೆಯುವುದಕ್ಕೂ ತೂಕ ಬೇರೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳ ಅವರ ಮುಂದಾಳ್ತನದಲ್ಲಿ ಈ ಊರಲ್ಲಿ 15 ಲಕ್ಷ ಸಸಿ ನೆಟ್ಟರು. ಅವುಗಳಲ್ಲಿ ಉಳಿದವು ಎಲ್ಲಿ ಎಲ್ಲಿ, ಈಗ ಎಷ್ಟೆಷ್ಟು ಎತ್ತರ ಅಂತ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲರು?

ಸಂಕೋಲೆ

ಇಬ್ಬರ ಮಾತಿನಲ್ಲೂ ಹುರುಳಿದೆ. ಪಾರ್ಕಿನ ಹೆಸರು ಹಾಕೋಣ, ಮರದ ಜಾಗ ಬೇಡ. ಜಾಗದ ಗುರುತು ಇರುವ ಪುಸ್ತಕ ನನ್ನ ಹತ್ತಿರ ಇರಲಿ. ಕಡಿಯುವ ಮಾತು ಬಂದ ದಿನ ಹೊರಗೆ ತೆಗೆಯೋಣ. ತೊಗಟೆ ಕೆತ್ತಿದ ಫೋಟೋ ಹಿಡಿದುಕೊಂಡು ನಾನೇ ಪಾರ್ಕಿನವರನ್ನು ಭೇಟಿ ಮಾಡುತ್ತೇನೆ.

ಹೊಳೆದಂಡೆ

ಒಪ್ಪಿದೆ ಸರ್. ಮೇಲಿನ ಶೀರ್ಷಿಕೆ ಬದಲಿಸಬೇಕೆಂದಿದ್ದೆ. ಆದರೆ 37 ಅಲ್ಲೇ ಇರಲಿ, ಮುಂದೆ ಇದೇ ಪ್ರಶ್ನೆ ಹಿಡಿದು ಬರುವವರು ಕೆಳಗಿನದೆಲ್ಲ ಓದಲಿ.

ಹೊಸಬ

ಮೇಷ್ಟ್ರೇ, ನೇರಳೆ ಅಳೆದೆ! ಕೋನಮಾಪಕ, ಸ್ಟ್ರಾ, ಸೈಕಲ್ಲಿನ ನಟ್. ಮಗಳು ದಾರ ಒತ್ತಿ ಹಿಡಿದಳು. ನೆತ್ತಿಯ ಕೆಳಗೆ ಇಟ್ಟ ಕಲ್ಲು ಬುಡದಿಂದ ಮೂರು ಮೀಟರ್ ಆಚೆ ಬಂತು. ಕಲ್ಲಿನಿಂದ 20 ಮೀಟರ್, ಕೋನ 40, ಕಣ್ಣಿನ ಎತ್ತರ 1.6. ನನ್ನ ಲೆಕ್ಕಕ್ಕೆ 18.4 ಮೀಟರ್. ಸರಿಯೇ?

ಗಣಿತದ ಮೇಷ್ಟ್ರು

ಲೆಕ್ಕ ಸರಿ. ಇನ್ನೆರಡು ಕಡೆಯಿಂದ ಅಳೆಯಿರಿ. ಮೂರು ಅಂಕಿಗಳೂ ಅರ್ಧ ಮೀಟರಿನೊಳಗೆ ಬಂದರೆ ಹೊಳೆಮತ್ತಿಯ ಕೆಳಗಿನ ಸಾಲು ನಿಮ್ಮ ನೇರಳೆಗೆ. ದಾರ ಹಿಡಿದವರ ಹೆಸರಿಗೂ ಜಾಗ ಬಿಟ್ಟಿರುತ್ತೇನೆ.

ತೋಪಿನಮನೆ

ಹಾಗಾದರೆ ಮುಂದಿನ ಭಾನುವಾರ ನಮ್ಮ ಗುಂಡುತೋಪಿಗೆ ಬನ್ನಿ. ಹಿಪ್ಪೆ ಎರಡಿವೆ. ಹುಣಸೆಯನ್ನೂ ಅಳೆಯಬೇಕು, ಬೇರೆ ಪುಟದಲ್ಲೇ ಹಾಕಿ, ಬೇಜಾರಿಲ್ಲ. ತಿಂಡಿ ನಮ್ಮ ಮನೆಯಲ್ಲಿ.

ಸಂಕೋಲೆ

ಏಳು ಗಂಟೆಗೆ ಅಲ್ಲಿರುತ್ತೇವೆ. ಹೊಳೆದಂಡೆ, ಈ ಸಲ 30 ಮೀಟರಿನ ಟೇಪು ಸಾಲದು, 50ರದ್ದು ತನ್ನಿ.